ಗುರುವಾರದ ಆರು ನಿಮಿಷ

ಮಗಳು ಬೇರೆ ಯಾರದೋ ಪ್ಯಾಂಟು ಹಾಕಿಕೊಂಡು ಮಾಂಟೆಸ್ಸೊರಿಯ ಚಾಪೆಯ ಮೇಲೆ ಕುಳಿತಿದ್ದಳು. ಅಮ್ಮ ಬಂದದ್ದನ್ನು ಕಂಡರೂ ಏಳಲಿಲ್ಲ. ಪ್ಯಾಂಟು ದೊಡ್ಡದು, ಜಾರದಂತೆ ಅದನ್ನು ಒಂದು ಕೈಯಲ್ಲಿ ಮುಷ್ಟಿ ಕಟ್ಟಿ ಹಿಡಿದಿದ್ದಳು. ಅವಳದ್ದು ಒಗೆಸಿಕೊಂಡು ಕಿಟಕಿಯಾಚೆ ತಂತಿಯ ಮೇಲೆ ಒಣಗುತ್ತಿತ್ತು. ಉಳಿದ ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು.

ಶಾಲೆಯಿಂದ ಫೋನ್ ಬಂದೊಡನೆ ಅಮ್ಮ ತಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿನಿಂದ ನೇರವಾಗಿ ಬಂದಿದ್ದಳು. ಬೆಳಗಿನಿಂದ ನಿಂತೇ ಇದ್ದ ಕಾಲುಗಳು. ಟೀಚರ್ ತೋರಿಸಿದ ಗಿಡ್ಡ ಕುರ್ಚಿಯನ್ನು ಕಂಡಾಗ, ಇದರಲ್ಲಿ ಕೂತರೆ ಮತ್ತೆ ಏಳುವುದು ಹೇಗೆ ಎಂಬ ಯೋಚನೆಯೇ ಮೊದಲು ಬಂತು. ಟೀಚರೂ ಅಂಥದ್ದೇ ಇನ್ನೊಂದು ಕುರ್ಚಿಯಲ್ಲಿ ಮೊಣಕಾಲು ಮೇಲೆತ್ತಿ ಕೂತರು. ಬಚ್ಚಲುಮನೆಯಲ್ಲಿ ಮಕ್ಕಳಿಗೆ ನೆರವಾಗುತ್ತಿದ್ದ ಸಹಾಯಕಿ ಈ ವಾರ ರಜೆಯಲ್ಲಿದ್ದಳು. ಇಪ್ಪತ್ತಾರು ಮಕ್ಕಳನ್ನು ಒಬ್ಬರೇ ನೋಡಿಕೊಂಡ ದಣಿವು ಅವರ ದನಿಯಲ್ಲೇ ಇತ್ತು. ಮೂರು ದಿನದಿಂದ ಮಗು ಶಾಲೆಯಲ್ಲಿ ನೀರು ಕುಡಿಯುತ್ತಿಲ್ಲ, ಬಚ್ಚಲುಮನೆಗೆ ಹೋದರೆ ಪ್ಯಾಂಟಿನ ಗುಂಡಿ ಬಿಚ್ಚದೆ ಸುಮ್ಮನೆ ನಿಂತು ಬರುತ್ತದೆ, ಇವತ್ತು ಮಾತ್ರ ತಡೆದುಕೊಳ್ಳಲಾಗಲಿಲ್ಲ ಎಂದು ಒಂದೊಂದಾಗಿ ಹೇಳಿದರು.

“ಗುಂಡಿ ಬಿಚ್ಚೋಕೆ ಬರದೇ ಇದ್ರೆ ಕಲಿಸ್ತಿದ್ದೆ. ಬರೋ ಕೆಲಸಾನ ನಾವು ಮಾಡಿಕೊಡೋ ಹಾಗಿಲ್ಲ, ಕೈ ಸೋಮಾರಿಯಾಗುತ್ತೆ. ಅದಕ್ಕೇ ಕಾದೆ. ಮೊದಲು ನಿಮ್ಮ ಮಗಳು ನನ್ನನ್ನ ಆಟ ಆಡಿಸ್ತಿದಾಳೆ ಅಂದ್ಕೊಂಡೆ,” ಎಂದರು ಟೀಚರ್. ಅವರ ತೊಡೆಯ ಮೇಲೆ, ಮನೆಯಲ್ಲಿ ಮಗುವನ್ನು ಗಮನಿಸಿ ಬರೆಯಲು ಹೋದ ವಾರ ಎಲ್ಲ ತಂದೆತಾಯಿಗೂ ಕೊಟ್ಟಿದ್ದ ಹಾಳೆ ಇತ್ತು. ಮೇಲ್ಗಡೆ ಅಚ್ಚಾಗಿತ್ತು: ಅನಿಸಿದ್ದು ಬೇಡ, ಕಂಡದ್ದನ್ನು ಮಾತ್ರ ಬರೆಯಿರಿ. ಕೆಳಗೆ ಅಮ್ಮನ ದುಂಡಗಿನ ಅಕ್ಷರ. ಪ್ಯಾಂಟಿನ ಎರಡು ಗುಂಡಿ, ತಾನೇ ಹಾಕಿ ಬಿಚ್ಚಿದಳು. ಸೋಮವಾರ ಏಳು ನಿಮಿಷ, ಮಂಗಳವಾರ ಐದು, ಬುಧವಾರ ನಾಲ್ಕು, ಗುರುವಾರ ಮತ್ತೆ ಆರು.

ಇಷ್ಟು ಅಚ್ಚುಕಟ್ಟಾದ ಹಾಳೆ ಇನ್ಯಾರೂ ತಂದಿಲ್ಲ ಎಂದು ಟೀಚರ್ ಹೇಳುತ್ತಿದ್ದರು. ಮನೆಯಲ್ಲಿ ಇಷ್ಟು ಚೆನ್ನಾಗಿ ಮಾಡುವ ಮಗು ಇಲ್ಲಿ ಕೈ ಕಟ್ಟಿಕೊಂಡು ನಿಲ್ಲುತ್ತದೆ ಎಂದರೆ ಶಾಲೆಯಲ್ಲೇ ಏನೋ ಅದನ್ನು ಹೆದರಿಸಿರಬೇಕು. ತನ್ನಿಂದಲೇ ಏನಾದರೂ ಆಯಿತೇ ಎಂದು ಎರಡು ದಿನದಿಂದ ಯೋಚಿಸುತ್ತಿದ್ದಾರೆ. ಮಕ್ಕಳ ಮನಸ್ಸಿನ ವೈದ್ಯರೊಬ್ಬರಿಗೆ ಪತ್ರ ಬರೆದಿಟ್ಟಿದ್ದಾರೆ. ಒಪ್ಪಿಗೆಯಿದ್ದರೆ ಅಮ್ಮ ಸಹಿ ಮಾಡಬೇಕು. ಪತ್ರವನ್ನೂ ಪೆನ್ನನ್ನೂ ಮುಂದೆ ಚಾಚಿದರು.

ಅಮ್ಮ ಪೆನ್ನು ತೆಗೆದುಕೊಂಡಳು. ಸಹಿ ಮಾಡಿದರೆ ಮಾತು ಇಲ್ಲಿಗೇ ಮುಗಿಯುತ್ತದೆ, ನಾಲ್ಕೂವರೆಯ ಬಸ್ಸು ಸಿಗುತ್ತದೆ. ಮಗುವಿಗೆ ಇಲ್ಲದ ಭಯವೊಂದು ಅದರ ಹೆಸರಿನ ಮುಂದೆ ದಾಖಲಾಗುತ್ತದೆ, ಅಷ್ಟೇ. ಅವಳು ಪೆನ್ನನ್ನು ಕೆಳಗಿಟ್ಟಳು.

“ಅದು ನಾನು ನೋಡಿ ಬರೆದದ್ದಲ್ಲ, ಮೇಡಂ.”

“ಮತ್ತೆ?”

“ಬಸ್ಸಲ್ಲಿ ಬರೆದೆ. ವಾರದ್ದೆಲ್ಲ ಒಟ್ಟಿಗೆ. ಇವಳನ್ನ ತೊಡೆ ಮೇಲೆ ಕೂರಿಸ್ಕೊಂಡು, ಇವಳ ಬೆನ್ನ ಮೇಲೇ ಹಾಳೆ ಇಟ್ಕೊಂಡು. ಬೆಳಿಗ್ಗೆ ಗುಂಡಿ ಹಾಕೋದು ನಾನೇ. ನನ್ನ ಪಾಳಿ ಬೇಗ ಇದ್ದ ದಿನ ಇವರಪ್ಪ. ಇವಳು ಶುರು ಹಚ್ಕೊಂಡ್ರೆ ಬಸ್ಸು ಹೋಗ್ಬಿಡುತ್ತೆ.”

ಟೀಚರ್ ಹಾಳೆಯನ್ನು ಮತ್ತೊಮ್ಮೆ ನೋಡಿದರು. ಬೆರಳು ಒಂದು ಕಡೆ ನಿಂತಿತು.

“ಗುರುವಾರದ ಆರು?”

“ಅದೂ.”

ನಿಜವಾದ ಅಳತೆ ಹಾಗೆ ಒಂದೇ ಸಮನೆ ಇಳಿಯುವುದಿಲ್ಲ, ನಡುವೆ ಒಮ್ಮೆ ಏರಲೇಬೇಕು ಎಂದು ಅವಳಿಗೆ ಗೊತ್ತಿತ್ತು. ಅದನ್ನು ವಿವರಿಸುವ ತ್ರಾಣ ಇರಲಿಲ್ಲ. ವಿವರಿಸುವ ಅಗತ್ಯವೂ ಬೀಳಲಿಲ್ಲ. ಆ ಆರನ್ನು ನೋಡಿಯೇ ಉಳಿದದ್ದನ್ನೆಲ್ಲ ನಂಬಿದೆ ಎಂದು ಟೀಚರ್ ತಮಗೇ ಹೇಳಿಕೊಳ್ಳುವಂತೆ ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಪತ್ರವನ್ನು ನಾಲ್ಕಾಗಿ ಮಡಿಸಿ ಹರಿದು, “ಮುಂದಿನ ವಾರ ನೋಡೋಕೆ ಆಗ್ಲಿಲ್ಲ ಅಂದ್ರೆ ಖಾಲಿ ಹಾಳೆನೇ ತನ್ನಿ. ಖಾಲಿ ಇದ್ರೆ ಇಲ್ಲೇ ಕಲಿಸೋಕೆ ಶುರು ಮಾಡ್ಬೇಕು ಅಂತ ನಂಗೆ ಗೊತ್ತಾಗುತ್ತೆ. ನಾನೂ ಮೂರು ದಿನ ಹಾಳೆ ಓದಿದೆ, ಅವಳ ಬೆರಳು ನೋಡ್ಲಿಲ್ಲ,” ಎಂದರು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಅಮ್ಮ ತಾನೇ ಹೇಳುವ ಮಾತು ಅದು: ತೆಗೆಯದ ಅಳತೆಯ ಜಾಗ ಖಾಲಿ ಇರಲಿ. ಅವಳು ತಲೆ ತಗ್ಗಿಸಿದಳು.

ತಂತಿಯ ಮೇಲಿನ ಪ್ಯಾಂಟು ಒಣಗಿತ್ತು. ಟೀಚರ್ ಅದನ್ನು ತಂದು ಮಗಳ ಕೈಗೆ ಕೊಟ್ಟು, ಎದುರಿಗೆ ಮೊಣಕಾಲೂರಿದರು. ಮಾತಿಲ್ಲದೆ, ತಮ್ಮ ಅಂಗಿಯ ತೋಳಿನ ಗುಂಡಿಯನ್ನೇ ನಿಧಾನವಾಗಿ ಒಮ್ಮೆ ಬಿಚ್ಚಿ, ಒಮ್ಮೆ ಹಾಕಿ ತೋರಿಸಿದರು. ಮಗಳು ಪ್ಯಾಂಟು ಏರಿಸಿಕೊಂಡು ಗುಂಡಿ ಹಿಡಿದಳು. ಅಮ್ಮನ ಎರಡೂ ಕೈ ತಾವಾಗಿಯೇ ಮುಂದೆ ಹೋದವು; ಅವನ್ನು ಎಳೆದು ತೊಡೆಯ ಕೆಳಗೆ ಸೇರಿಸಿ ಅವಳು ಕೂತಳು. ಗುಂಡಿ ಅರ್ಧ ತೂರಿ ಜಾರಿತು. ಮತ್ತೆ ತೂರಿತು, ಮತ್ತೆ ಜಾರಿತು. ನಾಲ್ಕೂವರೆಯ ಬಸ್ಸು ಬೀದಿಯ ತಿರುವಿನಲ್ಲಿ ಹಾರ್ನ್ ಮಾಡಿ ಹೋಯಿತು. ಪ್ರತಿ ಸಲ ಗುಂಡಿ ಜಾರಿದಾಗಲೂ ಮಗಳು ಕತ್ತೆತ್ತಿ, ಸರಿಯೋ ತಪ್ಪೋ ಎಂದು ಅಮ್ಮನ ಮುಖ ನೋಡುತ್ತಿದ್ದಳು.

ಅದನ್ನು ಗಮನಿಸಿ ಅಮ್ಮ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಮಗಳು ಸ್ವಲ್ಪ ಹೊತ್ತು ಆ ಮುಚ್ಚಿದ ಕಣ್ಣುಗಳನ್ನೇ ನೋಡುತ್ತ ನಿಂತಳು. ಅಲ್ಲಿ ಏನೂ ಸಿಗದೆ, ಕತ್ತು ಬಗ್ಗಿಸಿ ಗುಂಡಿಯನ್ನು ನೋಡಿದಳು.