ಚೈತ್ರದ ಗುಳಿಗೆ

ಚೈತ್ರದಲ್ಲೇ ಹೆಚ್ಚು ಜನ ತಾವಾಗಿಯೇ ಜೀವ ಕಳೆದುಕೊಳ್ಳುತ್ತಿದ್ದುದರಿಂದ, ಎರಡು ತಿಂಗಳು ಮೊದಲಿನಿಂದಲೇ ರೇಷನ್ ಅಂಗಡಿಯಲ್ಲಿ ಅಕ್ಕಿ, ಬೇಳೆಯ ಜೊತೆ ಮನಸ್ಸಿನ ಗುಳಿಗೆಯನ್ನೂ ಕೊಡುತ್ತಿದ್ದರು. ಯಾರ ಮೈಯಲ್ಲಿ ಎಷ್ಟು ಗುಳಿಗೆ ಸೇರಿದೆ ಎಂದು ತೋರಿಸುವ ಹೆಬ್ಬೆಟ್ಟಿನ ಯಂತ್ರವೂ ಈ ಸಲ ಬಂದಿತ್ತು.

ನೀಲವ್ವ ಹೆಬ್ಬೆಟ್ಟು ಒತ್ತಿದಳು. ಅಂಗಡಿಯ ಗಿರಿಜಕ್ಕ ಹುಬ್ಬೇರಿಸಿದಳು.

"ಏನವಾ, ಇಬ್ಬರ ಗುಳಿಗಿ ಒಬ್ಬಾಕಿನ ನುಂಗೀಯಲ್ಲ! ಪೆಪ್ಪರಮೆಂಟ್ ಅಂದ್ಕೊಂಡೀಯೇನ?"

ಸಾಲಿನಲ್ಲಿದ್ದವರು ನಕ್ಕರು. ಹಿಂದೆ ನಿಂತಿದ್ದ ಗಂಡ ಫಕೀರಪ್ಪ ಹೆಬ್ಬೆಟ್ಟು ಒತ್ತಿದಾಗ ಯಂತ್ರ ಸೊನ್ನೆ ತೋರಿಸಿತು.

"ನಂದೂ ನಿನ್ನ ಚಹಾದಾಗ ಹಾಕತಿದ್ದೆ," ಎಂದ ಅವನು ತಲೆ ತಗ್ಗಿಸಿ. "ಹೋದ ವರ್ಷ ನೀ ಭಾಳ ಅತ್ತಿದ್ದಿ. ನಾ ಗಂಡಸು, ನನಗ್ಯಾಕ ಅದು?"

ನೀಲವ್ವ ಅವನತ್ತ ತಿರುಗಿದಳು. ಹದಿನೆಂಟು ವರ್ಷ ಅವಳಿಗೆ ಗ್ಯಾಸ್ ಸಿಲಿಂಡರ್ ಮುಟ್ಟಗೊಡದವನು, ಇವತ್ತು ಬೆಳಿಗ್ಗೆ ಅದನ್ನು ಬದಲಿಸುವುದನ್ನು ಮೂರು ಸಲ ಮಾಡಿಸಿ ಕಲಿಸಿದ್ದ. ನಿನ್ನೆ ಕೈಗಡಿಯಾರವನ್ನು ತಮ್ಮನಿಗೆ ಕೊಟ್ಟುಬಂದಿದ್ದ. ಅವಳು ಎರಡಕ್ಕೂ ನಕ್ಕಿದ್ದಳು.

ಅಲ್ಲೇ ಗುಳಿಗೆಯ ಪೊಟ್ಟಣ ಹರಿದಳು. "ಬಾಯಿ ತೆರೀರಿ."

ಅವನು ಇಡೀ ಸಾಲಿನೆದುರು ನುಂಗಿದ.

"ಇದು ಮೈಗೆ ಹತ್ತಾಕ ಮೂರು ವಾರ ಬೇಕವಾ," ಎಂದಳು ಗಿರಿಜಕ್ಕ, ಈಗ ನಗದೆ. "ಇವತ್ತ ಡಾಕ್ಟರ ಕಡೆ ಕರಕೊಂಡ ಹೋಗು."

ನೀಲವ್ವ ಗಂಡನ ಬರಿಯ ಮಣಿಕಟ್ಟನ್ನು ಹಿಡಿದುಕೊಂಡಳು. ಅಕ್ಕಿಯ ಚೀಲ ಕಟ್ಟೆಯ ಮೇಲೇ ಉಳಿಯಿತು.