ಬಿಳಿ ಅಕ್ಷರದ ಟೈರು

ಹಾಸನದ ಟೈರ್ ಅಂಗಡಿಯಲ್ಲಿ ಕೃಷ್ಣಪ್ಪ ಕುಕ್ಕರಗಾಲಲ್ಲಿ ಕೂತು, ಎತ್ತು ಕೊಳ್ಳಲು ಬಂದವನ ಗತ್ತಿನಲ್ಲಿ ಒಂದೊಂದೇ ಟೈರಿನ ಹಲ್ಲಿಗೆ ಬೆರಳು ತೂರಿಸಿ ನೋಡುತ್ತಿದ್ದ. ಹೊರಗೆ ನಿಂತ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಪುಟ್ಟತಾಯಮ್ಮ ಮೋಡ ನೋಡುತ್ತಾ ಕೂತಿದ್ದಳು. ಗಂಡನನ್ನು ಒಬ್ಬನೇ ಕಳಿಸಿದರೆ ಟೈರಿನ ಬದಲು ಬರೀ ಮಾತು ಹೊತ್ತು ತರುತ್ತಾನೆಂದು ತಾನೂ ಹೊರಟು ಬಂದಿದ್ದಳು. ಹೊಲದಲ್ಲಿ ಆಲೂಗಡ್ಡೆ ಅಗೆಸಿ ಚೀಲಕ್ಕೆ ತುಂಬಿಸಿಟ್ಟಾಗಿತ್ತು. ನೆನೆದರೆ ಕೊಳೆಯುತ್ತದೆ. ಕತ್ತಲಾಗುವುದರೊಳಗೆ ಮಂಡಿಗೆ ತಂದು ಹಾಕಬೇಕು.

ಅರಕಲಗೂಡು ರಸ್ತೆಯಿಂದ ಅವರ ಹೊಲಕ್ಕೆ ಇಳಿಯುವ ಓಣಿ ಮಳೆ ಬಂತೆಂದರೆ ನಾಟಿ ಗದ್ದೆ. ಪಿಕಪ್ಪಿನ ಬೋಳು ಟೈರು ಅಲ್ಲಿ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಹೋದ ವಾರ ಹಿಂದೆ ನಿಂತು ತಳ್ಳಿದ ಪುಟ್ಟತಾಯಮ್ಮನಿಗೆ ನೆತ್ತಿಯಿಂದ ಕೆಸರಿನ ಅಭಿಷೇಕವಾಗಿತ್ತು. ಸ್ಟೇರಿಂಗ್ ಹಿಡಿದ ಮಹಾಶಯ ಕನ್ನಡಿಯಲ್ಲೇ ನೋಡಿ, "ಇನ್ನೊಸಿ ಜೋರಾಗ್ ತಳ್ಳೇ" ಅಂದಿದ್ದ. ಆವತ್ತೇ ಅವಳು ಹೇಳಿದ್ದಳು: ಕೆಸರಲ್ಲಿ ಓಡೋ ಟೈರು ಹಾಕಿಸಿ, ಇಲ್ಲ ಗಾಡಿ ಮಾರಿ.

"ಇದು ಕೆಸ್ರಿಗೆ ಆಯ್ತದಾ?" ಎಂದ ಕೃಷ್ಣಪ್ಪ.

"ಕೆಸ್ರು, ಕಲ್ಲು, ಮರಳು, ಎಲ್ಲಾದ್ಕೂ ಆಯ್ತದೆ ಸಾ," ಎಂದ ಅಂಗಡಿಯ ಕುಮಾರ್. "ಪಕ್ಕದ್ದೂ ಅಂಗೇಯ. ಕಂಪ್ನಿ ಬ್ಯಾರೆ ಅಷ್ಟೇ."

"ಪಕ್ಕದ್ದರ ಮ್ಯಾಲೆ ಬಿಳೀ ಅಕ್ಸರ ಇಲ್ವಲ್ಲಪ್ಪ."

"ಕೆಸ್ರಲ್ಲಿ ಅಕ್ಸರ ಓದೋರ್ಯಾರು?" ಪುಟ್ಟತಾಯಮ್ಮ ಕಿಟಕಿಯಿಂದಲೇ ಕೂಗಿದಳು. "ಯಾವ್ದಾರ ಒಂದು ಆಕ್ಸಿ ಬನ್ನಿ. ಮೋಡ ನೋಡಿ ಅತ್ಲಾಗೆ."

"ಸುಮ್ಕಿರೇ. ಗಾಡಿ ವಿಚಾರ ನಿಂಗೇನ್ ಗೊತ್ತು."

ಬಿಳಿ ಅಕ್ಷರವೇ ಗೆದ್ದಿತು. ಕುಮಾರ್ ನಾಲ್ಕೂ ಟೈರಿಗೆ ಮಿರಿಮಿರಿ ಮಿಂಚುವ ಪಾಲಿಶ್ ಬೇರೆ ಬಳಿದುಕೊಟ್ಟ. ಕೃಷ್ಣಪ್ಪ ಗಾಡಿಗೆ ಪ್ರದಕ್ಷಿಣೆ ಹಾಕಿ, ದೂರ ಹೋಗಿ ನಿಂತು ನೋಡಿ, ಮತ್ತೆ ಹತ್ತಿರ ಬಂದು ನೋಡಿ, ಕೊನೆಗೂ ಹೊರಟ. ಹೊರಟವನು ನೆಟ್ಟಗೆ ಹೊಲಕ್ಕೆ ಬಂದನೇ? ಊರ ಮುಂದಿನ ಹೋಟೆಲಿನ ಎದುರು, ಬೆಂಚಿನಲ್ಲಿ ಕೂತವರಿಗೆಲ್ಲ ಅಕ್ಷರ ಕಾಣುವ ಹಾಗೆ ಗಾಡಿ ಓರೆ ಮಾಡಿ ನಿಲ್ಲಿಸಿ, ಒಂದು ಟೀ ಕುಡಿದ. ಯಾರೂ ಟೈರಿನ ಮಾತೆತ್ತಲಿಲ್ಲ. ಇನ್ನೊಂದು ಟೀ ಕುಡಿದ. ಗಾಡಿಯೊಳಗೆ ಕೂತ ಪುಟ್ಟತಾಯಮ್ಮನ ಎದುರಿನ ಗಾಜಿಗೆ ಮೊದಲ ಹನಿ ಬಿತ್ತು.

ಓಣಿಯ ಬಾಯಿಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಕೃಷ್ಣಪ್ಪ ಟಾರಿನ ಮೇಲೇ ಬ್ರೇಕ್ ಹಾಕಿ, ಎಂಜಿನ್ ಆರಿಸಿದ.

"ಯಾಕ್ರೀ ನಿಲ್ಸುದ್ರಿ? ಇಳ್ಸಿ."

"ಪೂಜೆ ಆಗ್ದೆ ಎಂಗ್ ಇಳ್ಸದು? ಶನಿವಾರ ಗೊರೂರಿಗೆ ಓಗಿ ಪೂಜೆ ಮಾಡ್ಸಿ, ಟೈರಿಗೆ ನಿಂಬೆಅಣ್ಣು ಮಡಗಿ, ಆಮೇಕೆ ಇಳ್ಸದು."

"ಆಸನದಿಂದ ಇಲ್ಲೀಗಂಟ ಓಡುಸ್ಕಂಡು ಬಂದ್ರಲ್ಲ, ಆಗ ದೇವ್ರು ಮಲಗಿದ್ನಾ?"

"ಅದು ಟಾರು ಕಣೇ. ಇದು ಕೆಸ್ರು." ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡ. "ಅಲ್ದೆ, ಇವತ್ತೇ ಕೆಸ್ರು ಮೆತ್ಕಂಡ್ರೆ ನಾಳೀಕೆ ಓಟ್ಲು ಮುಂದೆ ಅಕ್ಸರ ಎಂಗ್ ಕಾಣ್ತದೆ?"

ಪುಟ್ಟತಾಯಮ್ಮ ಗಂಡನ ಮುಖವನ್ನು ಒಂದು ಸಲ ನೋಡಿದಳು. ಹೇಸಿಗೆಯಾಯಿತು. ಇಂಥವನಿಗೆ ಇಷ್ಟು ವರ್ಷ ಮುದ್ದೆ ಬೇಯಿಸಿ ಹಾಕಿದೆನಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು. ಚಪ್ಪಲಿ ಗಾಡಿಯಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ಓಣಿಗೆ ಇಳಿದಳು.

ಹೊಲದಲ್ಲಿ ಕೂಲಿಯ ಲಕ್ಕಯ್ಯ, ಅವನ ಹೆಂಡತಿ ಮಾರಮ್ಮ ತೂತುಬಿದ್ದ ಟಾರ್ಪಾಲಿನ ನಾಲ್ಕು ಮೂಲೆ ಹಿಡಿಯಲಾರದೆ ಒದ್ದಾಡುತ್ತಿದ್ದರು. ಒಳ್ಳೆಯ ಟಾರ್ಪಾಲು ಗಾಡಿಯಲ್ಲಿತ್ತು. ಕೆಳಗಿನ ಚೀಲಗಳ ಬುಡದಲ್ಲಿ ಆಗಲೇ ನೀರು ಹರಿಯುತ್ತಿತ್ತು.

"ಗಾಡಿ ಎಲ್ಲವ್ವಾ? ಕೆಸ್ರಲ್ಲಿ ಓಡೋ ಟೈರು ತತ್ತೀವಿ ಅಂದಿದ್ರಿ?" ಎಂದ ಲಕ್ಕಯ್ಯ.

"ತಂದೀವಿ ಕಣ. ಮಡೀಲಿ ಅದೆ, ಕೆಸ್ರು ಮುಟ್ಟಂಗಿಲ್ಲ. ನೀನು ಚೀಲ ಎತ್ತು."

ಲಕ್ಕಯ್ಯ ಒಂದು ಚೀಲ ಬೆನ್ನಿಗೇರಿಸಿಕೊಂಡ. ಹೆಂಗಸರಿಬ್ಬರೂ ನೆನೆದ ಚೀಲ ಬಿಚ್ಚಿ, ಆಲೂಗಡ್ಡೆಯನ್ನು ಮಂಕರಿಗೆ ತುಂಬಿ ತಲೆ ಮೇಲೆ ಹೊತ್ತರು. ಮೊಣಕಾಲವರೆಗೆ ಹೂಳುವ ಕೆಸರು. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತಿತ್ತು. ಮಂಕರಿಯ ಸಂದಿಯಿಂದ ಸೋರಿದ ಮಣ್ಣುನೀರು ಪುಟ್ಟತಾಯಮ್ಮನ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಓಣಿ ಮುಗಿಸಿ ಮೇಲೆ ಬಂದಾಗ ಕೃಷ್ಣಪ್ಪ ಕೊಡೆ ಹಿಡಿದು, ಲಾರಿಯೊಂದು ಟೈರಿಗೆ ಸಿಡಿಸಿಹೋಗಿದ್ದ ನೀರನ್ನು ಹೆಗಲ ಟವೆಲ್ಲಿನಿಂದ ಒರೆಸುತ್ತಿದ್ದ. ಹಿಂದಿನ ಟೈರಿನ ಬಿಳಿ ಅಕ್ಷರ ಒಂದೊಂದೂ ಹಾಲಲ್ಲಿ ತೊಳೆದ ಹಾಗಿತ್ತು.

"ಅಲ್ಲೇ ನಿಂತ್ಕೊ, ಅಲ್ಲೇ ನಿಂತ್ಕೊ! ನಾನ್ ಇಸ್ಕತೀನಿ," ಎಂದು ಅವನು ಕೈ ಅಡ್ಡ ಹಿಡಿದ.

ಪುಟ್ಟತಾಯಮ್ಮ ನಿಲ್ಲಲಿಲ್ಲ. ಮಂಕರಿ ತಲೆ ಮೇಲೇ ಇತ್ತು. ಕೆಸರು ಮೆತ್ತಿದ ಬಲಗಾಲನ್ನು ಎತ್ತಿ ಹಿಂದಿನ ಟೈರಿನ ನೆತ್ತಿಗೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನಿಂತಳು. ಕಾಲ್ಬೆರಳ ಸಂದಿಯಿಂದ ಕೆಸರು ಜಿನುಗಿ, ಬಿಳಿ ಅಕ್ಷರಗಳನ್ನು ಒಂದೊಂದಾಗಿ ಅಳಿಸುತ್ತಾ ಇಳಿಯಿತು. ಮಂಕರಿಯನ್ನು ಗಾಡಿಯೊಳಕ್ಕೆ ಸುರಿದು, ಅಲ್ಲಿಂದಲೇ ಗಂಡನ ಕಡೆ ತಿರುಗಿದಳು.

"ಒಳ್ಳೇ ಟೈರೇ ತಂದಿದೀರಿ ಕಣ್ರೀ. ಕೆಸ್ರುಗಾಲು ಇಟ್ರೂ ಜಾರಾಕಿಲ್ಲ."