ಅಳಿಯಂದಿರು ಕಳಿಸಿದ ಅಕ್ರೋಟು

“ತಂದೆ ಸಾಕ್ಷಿ ಆದ್ರೆ ಆಗಲ್ಲ ಸಾರ್. ಮನೆಯವರಲ್ಲದವರು ಒಬ್ಬರು ಬೇಕು. ನಿಮ್ಮನ್ನ ಚೆನ್ನಾಗಿ ಬಲ್ಲವರು,” ಎಂದು ನೋಟರಿ ಹೇಮಶ್ರೀ ಕಾಗದವನ್ನು ಹಿಂದಕ್ಕೆ ಸರಿಸಿದರು. ಚನ್ನಬಸವಯ್ಯನವರ ಮುಖ ಇಷ್ಟು ಚಿಕ್ಕದಾಯಿತು. ಕತ್ರಿಗುಪ್ಪೆಯಲ್ಲಿ ಅವರ ಪಾತ್ರೆ ಅಂಗಡಿಯ ಪಕ್ಕದಲ್ಲೇ ಒಬ್ಬ ನೋಟರಿ ಇದ್ದ. ಗೊತ್ತಿರುವವರ ಕಣ್ಣಿಗೆ ಬೀಳಬಾರದೆಂದೇ ಅವರು ಮಗಳು ಜ್ಯೋತ್ಸ್ನಾಳನ್ನು ಆಟೋ ಹತ್ತಿಸಿಕೊಂಡು, ಉರಿಬಿಸಿಲಲ್ಲಿ ಬಿಟಿಎಂ ಲೇಔಟಿನವರೆಗೆ ಬಂದಿದ್ದರು. ಇಲ್ಲಿ ನೋಡಿದರೆ ಈಯಮ್ಮ, ಗೊತ್ತಿರುವವರನ್ನೇ ಕರೆತನ್ನಿ ಅನ್ನುತ್ತಾಳಲ್ಲ!

ಕಾಗದದಲ್ಲಿ ಇದ್ದದ್ದು ಇಷ್ಟೇ: ಜ್ಯೋತ್ಸ್ನಾಗೆ ವಿಚ್ಛೇದನವಾಗಿದೆ, ಆಮೇಲೆ ಮತ್ತೆ ಮದುವೆಯಾಗಿಲ್ಲ. ಅವಳು ಜಾರ್ಜಿಯಾ ದೇಶದಲ್ಲಿ, ಡಾಕ್ಟರಿಕೆ ಓದಲು ಹೋದ ನಮ್ಮ ಕಡೆಯ ಹುಡುಗರಿಗೆ ಮೆಸ್ ನಡೆಸುತ್ತಿದ್ದಳು. ಮೆಸ್ ಇದ್ದ ಮನೆಯನ್ನು ಮಾಲೀಕರು ಮಾರಲು ಹೊರಟು, ಮೊದಲು ಇವಳನ್ನೇ ಕೇಳಿದ್ದರು. ಗಂಡನಿದ್ದರೆ ಗಂಡನ ಸಹಿ ಹಾಕಿಸಿ, ಇಲ್ಲದಿದ್ದರೆ ಇಲ್ಲವೆಂಬ ಪತ್ರ ತನ್ನಿ ಎಂದಿದ್ದರು ಅಲ್ಲಿನ ವಕೀಲರು. ಆ ಪತ್ರಕ್ಕೆ ಇಲ್ಲಿ ನೋಟರಿಯ ಸಹಿಯಾಗಬೇಕು, ಆಮೇಲೆ ಗೃಹ ಇಲಾಖೆಯದು, ಕೊನೆಗೆ ವಿದೇಶಾಂಗ ಇಲಾಖೆಯ ಮುದ್ರೆ ಬೀಳಬೇಕು. ಆಗಲೇ ಆ ದೇಶದಲ್ಲಿ ಅದಕ್ಕೆ ಬೆಲೆ. ತಿಂಗಳ ಕೊನೆಯೊಳಗೆ ತಲುಪದಿದ್ದರೆ ಮನೆ ಬೇರೆಯವರ ಪಾಲು.

ಪತ್ರವೇನೋ ಸರಿ. ಆದರೆ ಕತ್ರಿಗುಪ್ಪೆಯವರ ಪಾಲಿಗೆ ಜ್ಯೋತ್ಸ್ನಾಳ ಗಂಡ ಇನ್ನೂ ಇದ್ದನಲ್ಲ! ಕೋರ್ಟಿನಲ್ಲಿ ವಿಚ್ಛೇದನದ ಡಿಕ್ರಿ ಆದ ವರ್ಷವೇ ಚನ್ನಬಸವಯ್ಯನವರು ಅವನನ್ನು ಬಾಯಿಮಾತಿನಲ್ಲೇ ಮಗಳ ಜೊತೆ ಫಾರಿನ್ನಿಗೆ ಕಳಿಸಿಬಿಟ್ಟಿದ್ದರು. ಕೇಳಿದವರಿಗೆಲ್ಲ ಹೇಳಿ ಹೇಳಿ, ಇಲ್ಲದ ಅಳಿಯನಿಗೆ ಪ್ರಮೋಷನ್ ಕೊಟ್ಟಿದ್ದರು, ಊರಿಗೆ ಬರಲು ರಜೆ ಸಿಗದಂತೆ ಮಾಡಿದ್ದರು, ಹೋದ ವರ್ಷ ಮಂಡಿನೋವನ್ನೂ ಬರಿಸಿದ್ದರು. ಮಗಳು ಕಳಿಸುವ ಅಕ್ರೋಟನ್ನು ಅಕ್ಕಪಕ್ಕದ ಮನೆಗಳಿಗೆ ಹಂಚುವಾಗ “ಅಳಿಯಂದಿರು ಕಳಿಸಿದ್ದು” ಎನ್ನಲು ಒಮ್ಮೆಯೂ ಮರೆತಿರಲಿಲ್ಲ. ಎದುರುಮನೆಯ ಸೋಮನಾಥ್ ಅಂತೂ ಬೆಳಗಿನ ವಾಕಿಂಗಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು: “ಏನ್ ಸ್ವಾಮಿ, ಅಳಿಯಂದಿರು ಆರಾಮಾ?”

ನೋಟರಿ ಆಫೀಸಿನ ಮೆಟ್ಟಿಲ ಮೇಲೆ ಅಪ್ಪ ಮಗಳು ಕುಳಿತರು.

“ಸೋಮನಾಥ್ ಅಂಕಲ್‌ಗೆ ಒಂದು ಫೋನ್ ಮಾಡಿ ಅಪ್ಪಾ. ಬರ್ತಾರೆ.”

“ಬೇಡಮ್ಮ. ನಾಳೆ ಅವರ ಮುಂದೆ ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ? ಅಷ್ಟು ದೊಡ್ಡ ಊರಲ್ಲಿ ಬಾಡಿಗೆಗೆ ಇನ್ನೊಂದು ಮನೆ ಸಿಗಲ್ವಾ?”

ಜ್ಯೋತ್ಸ್ನಾ ಜಗಳವಾಡಲಿಲ್ಲ. ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. “ಸಿಗುತ್ತೆ ಬಿಡಿ. ಆದ್ರೆ ಅಪ್ಪಾ, ಗಂಡನ ಮನೇಲಿದ್ದಾಗ್ಲೂ ಅಷ್ಟೆ, ನಮ್ಮ ಮನೆಗೆ ಬಂದಾಗ್ಲೂ ಅಷ್ಟೆ, ಯಾರಾದ್ರೂ ಒಬ್ಬರು ‘ಯಾವಾಗ ಹೊರಡ್ತೀಯ’ ಅಂತ ಕೇಳ್ತಾನೇ ಇದ್ರು. ಹಂಗೆ ಕೇಳದೇ ಇರೋ ಮನೆ ಒಂದು ಇರ್ಲಿ ಅಂತ ಆಸೆ ಇತ್ತು.”

ಈ ಸಲ ಅವಳು ಬಂದಿಳಿದ ದಿನ, ಕೈಯಿಂದ ಸೂಟ್‌ಕೇಸ್ ತೆಗೆದುಕೊಳ್ಳುತ್ತಲೇ ತಾವೂ ಅದನ್ನೇ ಕೇಳಿದ್ದರು. ಚನ್ನಬಸವಯ್ಯನವರಿಗೆ ಅದು ನೆನಪಾಯಿತು. ನಾಲ್ಕು ಜನ ಏನಂತಾರೋ ಎಂದು ಹೆದರಿ ಹೆದರಿ, ಹೆತ್ತ ಮಗಳಿಗೇ ಬಾಗಿಲು ತೋರಿಸಿಬಿಟ್ಟೆನಲ್ಲ ಶಿವನೇ! ಅವರು ಜೇಬಿನಿಂದ ಫೋನ್ ತೆಗೆದರು. “ಸೋಮನಾಥ್ ಅವ್ರೇ, ಒಂದು ಸೈನ್ ಬೇಕಿತ್ತು. ಆಧಾರ್ ಕಾರ್ಡ್ ತಗೊಂಡು ಬಿಟಿಎಂಗೆ ಬರ್ತೀರಾ?”

ಯಾಕೆ, ಏನು ಎಂದು ಕೇಳದೆ ಸೋಮನಾಥ್ ಸ್ಕೂಟರಿನಲ್ಲಿ ಬಂದಿಳಿದರು. ಅಷ್ಟರಲ್ಲಿ ಚನ್ನಬಸವಯ್ಯನವರು ಮನಸ್ಸಿನಲ್ಲೇ ನಾಲ್ಕು ಮಾತು ಜೋಡಿಸಿಕೊಂಡಿದ್ದರು. ಆದರೆ ಆಫೀಸಿನೊಳಗೆ ಅವರು ಬಾಯಿ ತೆರೆಯುವ ಮೊದಲೇ ಹೇಮಶ್ರೀ ಪತ್ರವನ್ನು ಜೋರಾಗಿ ಓದಿ ಮುಗಿಸಿದರು. ಚನ್ನಬಸವಯ್ಯನವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು.

“ಎಷ್ಟು ವರ್ಷದಿಂದ ಗೊತ್ತು ಸಾರ್?”

“ಈ ಮಗು ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಗೊತ್ತು.”

“ಅದಲ್ಲ ಸಾರ್. ಇವರು ಗಂಡನಿಂದ ಬೇರೆ ಆಗಿರೋ ವಿಷಯ.”

ಸೋಮನಾಥ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಗಾಜು ಶುಭ್ರವಾಗಿಯೇ ಇತ್ತು. “ಅದೂ... ಡಿಕ್ರಿ ಆದ ವರ್ಷದಿಂದ್ಲೇ ಗೊತ್ತು. ಬರ್ಕೊಳ್ಳಿ ಮೇಡಂ,” ಎಂದವರೇ, ತೋರಿಸಿದ ಕಡೆ ಸಹಿ ಹಾಕಿದರು. ಹೇಮಶ್ರೀ ಮುದ್ರೆ ಒತ್ತಿದರು.

ಕೆಳಗೆ ಸ್ಕೂಟರಿನ ಹತ್ತಿರ ಬಂದಮೇಲೆ ಚನ್ನಬಸವಯ್ಯನವರಿಗೆ ತಡೆಯಲಾಗಲಿಲ್ಲ. “ಗೊತ್ತಿದ್ದೂ ದಿನಾ ಕೇಳ್ತಿದ್ರಲ್ರೀ, ಅಳಿಯ ಆರಾಮಾ ಅಂತ!”

“ಕೇಳದೇ ಇದ್ದ ದಿನ, ಎಲ್ಲಿ ನಮಗೆ ಗೊತ್ತಾಗೋಯ್ತೋ ಅಂತ ನಿಮಗೆ ಗಾಬರಿ ಆಗ್ತಿತ್ತು ಸ್ವಾಮಿ. ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ. ಅದಕ್ಕೇ ನಮ್ಮ ಬೀದಿಯವರೆಲ್ಲಾ ಕೇಳ್ತಿದ್ವಿ.”

ಚನ್ನಬಸವಯ್ಯನವರಿಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು. ಅದರ ಜೊತೆಗೇ, ತಲೆಯ ಮೇಲಿನ ಮೂಟೆ ಇಳಿಸಿದಷ್ಟು ಹಗುರವೂ ಆಯಿತು. ಸೋಮನಾಥರ ಭುಜ ಹಿಡಿದುಕೊಂಡರು.

ಸೋಮನಾಥ್ ಸ್ಕೂಟರ್ ಸ್ಟಾರ್ಟ್ ಮಾಡಿದವರು, ಮತ್ತೆ ಆಫ್ ಮಾಡಿ ಜ್ಯೋತ್ಸ್ನಾಳ ಕಡೆ ತಿರುಗಿದರು.

“ಅಕ್ರೋಟು ಬಹಳ ಚೆನ್ನಾಗಿರ್ತಿತ್ತಮ್ಮ,” ಎಂದರು. “ಇಷ್ಟು ವರ್ಷ ನಿನಗೆ ಹೇಳೋಕೇ ಆಗಿರ್ಲಿಲ್ಲ.”